ಮೂವತ್ತೆರಡು ಕೊಲೆ, ಒಂದು ಪಟ್ಟಿ

ನಾನು ಕಡಿಮೆ ಮಾತಿನವನು. ಬಾಯಿ ಮುಚ್ಚಿಕೊಂಡಿದ್ದರೆ ಯಾವ ತಂಟೆಯೂ ಹತ್ತಿರ ಬರುವುದಿಲ್ಲ ಎಂದು ನಂಬಿ ಐವತ್ತು ದಾಟಿದವನು. ಆದರೂ ನನ್ನ ಸುತ್ತ ಇಂಥವು ನಡೆಯುತ್ತಲೇ ಇರುತ್ತವೆ. ಬಹುಶಃ ಸುಮ್ಮನಿರುವವನನ್ನು ಕಂಡರೆ ಜನಕ್ಕೆ ಮಾತಾಡುವ ಹುರುಪು ಹೆಚ್ಚು. ಮದ್ದೂರಿನ ಒಂದು ಸಣ್ಣ ವಾಚನಾಲಯದಲ್ಲಿ ಪುಸ್ತಕ ಕೊಡುವ, ಹಿಂದಕ್ಕೆ ಪಡೆಯುವ ಕೆಲಸ ನನ್ನದು. ಮನೆ ಮಂಡ್ಯದಲ್ಲಿ, ಹೆಂಡತಿಯ ತವರು ಮಳವಳ್ಳಿಯಲ್ಲಿ. ಈ ವರ್ಷ ನಾನು ಪಟ್ಟು ಹಿಡಿದು ಮಾಡಿ ಮುಗಿಸಿದ ಕೆಲಸ ಎಂದರೆ ಒಂದು ಪಟ್ಟಿ. ಅದನ್ನು ಮಾಡುವಾಗ ಆದದ್ದನ್ನು ಆದ ಹಾಗೆ ಬರೆದಿದ್ದೇನೆ.

೧. ಮೌನ

ಕೆಲವು ವರ್ಷಗಳ ಹಿಂದೆ ಟಿವಿಯಲ್ಲಿ ಒಂದು ಪೊಲೀಸ್ ಧಾರಾವಾಹಿ ಬಂತು. ವಾರಕ್ಕೊಂದು ಕೊಲೆ, ವಾರಕ್ಕೊಂದು ಪತ್ತೆ. ಒಟ್ಟು ಮೂವತ್ತೆರಡು ಕಂತು. ಅದಕ್ಕೊಂದು ಹೆಸರಿತ್ತು, ಆದರೆ ನಮ್ಮ ಕಡೆ ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ‘ಇನ್ಸ್‌ಪೆಕ್ಟ್ರು’ ಅಂದರೆ ಸಾಕಿತ್ತು. ಅರ್ಧಕ್ಕರ್ಧ ಚಿತ್ರೀಕರಣ ನಮ್ಮ ಜಿಲ್ಲೆಯಲ್ಲೇ ನಡೆದಿದ್ದರಿಂದ ಬಹಳಷ್ಟು ಹೆಣಗಳು ನಮಗೆ ಗುರುತಿನ ಜಾಗದಲ್ಲೇ ಬಿದ್ದಿರುತ್ತಿದ್ದವು. ಈಗ ಅಷ್ಟೂ ಕಂತು ಫೋನಿನಲ್ಲಿ ಸಿಗುತ್ತವೆ. ಸಿಕ್ಕಿದ್ದೇ ತಡ, ಯಾವ ಕಂತು ಎಲ್ಲಕ್ಕಿಂತ ಚೆನ್ನಾಗಿದೆ ಎಂಬ ಜಗಳ ನಮ್ಮ ಓದುವ ಕೋಣೆಗೇ ಬಂತು.

ಜಗಳದ ಒಂದು ಕಡೆ ನಿವೃತ್ತ ಹೆಡ್ ಕಾನ್‌ಸ್ಟೇಬಲ್ಲರು. ಇನ್ನೊಂದು ಕಡೆ, ಬೆಳಗಿನ ಬಸ್ಸಿಗೆ ಬಂದು ಎಲ್ಲ ಪತ್ರಿಕೆ ಓದಿ ಮಧ್ಯಾಹ್ನದ ಬಸ್ಸಿಗೆ ಹೋಗುವ ಚಿಕ್ಕರಸಿನಕೆರೆಯ ರೈತರು.

“ಅನ್ನೆರಡನೇದು ಕಣಯ್ಯ, ಆಲೆಮನೆ ಕೊಲೆ. ಅದನ್ನ ಮೀರ್ಸಿದ್ದಿಲ್ಲ” ಎಂದರು ಹೆಡ್ ಕಾನ್‌ಸ್ಟೇಬಲ್ಲರು.

“ಬುಡಿ ಸಾ, ಆಲೆಮನೇಲಿ ಯಾವನಾರ ಬರಿಗಾಲಲ್ಲಿ ಅಂಗೆ ಓಡ್ತಾನಾ? ಬಿಸಿ ಪಾಕ ಮೆಟ್ಟಿ ಅಲ್ಲೇ ಕುಣೀತಾ ನಿಂತಿರ್ತಿದ್ದ. ರೈಲ್ವೆ ಗೇಟ್ ಕೊಲೆ ನೋಡಿ, ಅದು ಕೊಲೆ ಅಂದ್ರೆ!”

ದನಿ ಏರಿತು. ಓದುತ್ತಿದ್ದ ನಾಲ್ಕು ಜನ ತಲೆ ಎತ್ತಿದರು. ನಾನು ಎದ್ದು ನಿಂತು, ಏನೂ ಹೇಳದೆ, ಗೋಡೆಯ ಮೇಲಿನ ‘ಮೌನ’ ಎಂಬ ಫಲಕದತ್ತ ಬೆರಳು ತೋರಿಸಿದೆ.

ಇಬ್ಬರೂ ಫಲಕ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಿಕ್ಕರಸಿನಕೆರೆಯವರು ಗೌರವದಿಂದ ಕೇಳಿದರು: “ಮೌನ. ಅದು ಇಪ್ಪತ್ತಾರನೇದಲ್ವಾ ಸಾ, ಮೂಗಿ ಸಾಕ್ಷಿ ಏಳೋದು? ನಿಮ್ ಓಟು ಅದುಕ್ಕಾ?”

೨. ಮಾವನವರು

ಆವತ್ತೇ ತೀರ್ಮಾನ ಮಾಡಿದೆ. ಈ ಜಗಳಕ್ಕೆ ಬರವಣಿಗೆಯಲ್ಲಿ ಒಂದು ಕೊನೆ ಕಾಣಿಸಬೇಕು. ಪತ್ತೇದಾರಿ ಕಾದಂಬರಿಗಳನ್ನು ಮೀಸೆ ಮೂಡುವ ಮುಂಚಿನಿಂದ ಓದಿಕೊಂಡು ಬಂದವನು ನಾನು; ಕೊಲೆಗೊಂದು ಕಾರಣ, ತನಿಖೆಗೊಂದು ದಾರಿ, ಕೊನೆಗೊಂದು ನ್ಯಾಯ ಇರಬೇಕೆಂದು ಬಲ್ಲೆ. ಪ್ರತಿ ಕಂತನ್ನೂ ಎರಡು ಸಲ ನೋಡುವುದು, ಒಂದರಿಂದ ಮೂವತ್ತೆರಡರವರೆಗೆ ಸ್ಥಾನ ಕೊಡುವುದು, ಒಮ್ಮೆ ಬರೆದದ್ದನ್ನು ಯಾರು ಹೇಳಿದರೂ ತಿದ್ದದಿರುವುದು, ಪಟ್ಟಿಯನ್ನು ವಾಚನಾಲಯದ ಸೂಚನಾ ಫಲಕಕ್ಕೆ ಹಾಕುವುದು. ಇಷ್ಟು ನಿಯಮ.

ಮನೆಗೆ ಬಂದು ಹೆಂಡತಿಗೆ ಹೇಳಿದೆ.

“ಮಾಡಿ” ಎಂದಳು. “ಆದ್ರೆ ಹತ್ತೊಂಬತ್ತನೇದು ನೆನಪಿರ್ಲಿ.”

ಮರೆಯುವ ಹಾಗೇ ಇಲ್ಲ. ಹತ್ತೊಂಬತ್ತನೇ ಕಂತಿನ ಹೆಣ ನನ್ನ ಮಾವ.

ಮಾವನವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮಳವಳ್ಳಿಯ ಹತ್ತಿರ ನಾಲೆಯ ಏರಿಯ ಮೇಲೆ ಚಿತ್ರೀಕರಣ ನಡೆಯುತ್ತಿದ್ದಾಗ ಹೆಣವಾಗಬೇಕಿದ್ದ ನಟ ಇರುವೆ ಕಚ್ಚುತ್ತದೆಂದು ಎದ್ದು ಹೋದನಂತೆ. ನೋಡುತ್ತಾ ನಿಂತಿದ್ದ ಮಾವನವರು ಮುಂದೆ ಬಂದರು. “ಮನಗೋದು ತಾನೆ? ಮೂವತ್ತು ವರ್ಸ ನಿಂತ್ಕಂಡೇ ಕೆಲ್ಸ ಮಾಡಿವ್ನಿ. ಮನಗ್ತೀನಿ ಬುಡಿ” ಎಂದರು.

ಮಲಗಿದರು. ಕ್ಯಾಮೆರಾ ಓಡಿತು. ಇನ್ಸ್‌ಪೆಕ್ಟರ್ ಪಾತ್ರದವರು ಬಂದು, ಹೆಣದ ಪಕ್ಕ ಮಂಡಿಯೂರಿ, ಗಂಭೀರ ದನಿಯಲ್ಲಿ ಕೇಳಿದರು: “ಯಾರಿವನು? ಎಲ್ಲಿಯವನು?”

ಹೆಣ ಕಣ್ಣು ಮುಚ್ಚಿಕೊಂಡೇ ಹೇಳಿತು: “ಇಲ್ಲೇ ಮಳವಳ್ಳಿ ಸಾ.”

ಎರಡನೇ ಸಲಕ್ಕೆ ಸರಿಯಾಯಿತು. ಕಂತು ಪ್ರಸಾರವಾಯಿತು. ಮಳವಳ್ಳಿಯ ಬಸ್ ನಿಲ್ದಾಣದಲ್ಲಿ ಇವತ್ತಿಗೂ ಅವರನ್ನು ಕಂಡರೆ ಹಳೆಯ ಡ್ರೈವರುಗಳು ಟೀ ಕೊಡಿಸುತ್ತಾರೆ. ಜೀವಮಾನದಲ್ಲಿ ಅವರಿಗೆ ಸಿಕ್ಕ ಒಂದೇ ಮೆರವಣಿಗೆ ಅದು. ಅದನ್ನು ಯಾರಾದರೂ ಹಗುರವಾಗಿ ತೆಗೆದುಕೊಂಡರೆ ಮಾವನವರು ಅವರ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ.

“ಅಪ್ಪ ಚಿಕ್ಕಪ್ಪನ ಮನೆಗೆ ಹೋಗಿ ನಾಲ್ಕು ವರ್ಷ ಆಯ್ತು” ಎಂದು ಹೆಂಡತಿ ನೆನಪಿಸಿದಳು. “ಮುಂದೆ ನಮ್ಮನೇಗೂ ಬರ್ದಂಗೆ ಮಾಡ್ಬೇಡಿ.”

“ಚಿಕ್ಕಪ್ಪ ಏನು ಮಾಡಿದ್ದರು?”

“ಆ ಎಪಿಸೋಡ್ ಬರೋವಾಗ ಚಾನೆಲ್ ಬದಲಾಯಿಸಿ ಕ್ರಿಕೆಟ್ ಹಾಕಿದ್ರು. ‘ಒಡಹುಟ್ಟಿದ ಅಣ್ಣ ಸತ್ತು ಬಿದ್ದವ್ನೆ, ಇವ್ನು ಸ್ಕೋರ್ ನೋಡ್ತಾನೆ’ ಅಂತ ಅಪ್ಪ ಊಟ ಬಿಟ್ಟು ಎದ್ದು ಬಂದ್ಬಿಟ್ರು.”

೩. ನೂರಕ್ಕೆ ನೂರು

ತನಿಖೆಯ ವಿಷಯದಲ್ಲಿ ಅನುಭವಸ್ಥರೊಬ್ಬರ ಮಾತು ಬೇಕೆಂದು ಹೆಡ್ ಕಾನ್‌ಸ್ಟೇಬಲ್ಲರಿಗೆ ಒಂದು ನೋಟ್‌ಬುಕ್ ಕೊಟ್ಟೆ. ಪ್ರತಿ ಕಂತಿಗೂ ನೂರಕ್ಕೆ ಇಷ್ಟು ಅಂತ ಅಂಕ ಹಾಕಿ ಎಂದೆ. ಹದಿನೈದು ದಿನ ಬಿಟ್ಟು ತಂದುಕೊಟ್ಟರು. ಬಿಡಿಸಿ ನೋಡಿದರೆ ಮೂವತ್ತೊಂದು ಕಂತಿಗೆ ಸೊನ್ನೆ. ಅವರೇ ಮೆಚ್ಚಿ ಕೂಗಾಡಿದ್ದ ಆಲೆಮನೆ ಕೊಲೆಗೂ ಸೊನ್ನೆ.

“ಯಾಕೆ?” ಎಂದೆ.

“ಮೆಚ್ಚೋದು ಬೇರೆ ಸಾ, ಅಂಕ ಬೇರೆ. ಒಂದ್ರಲ್ಲೂ ಮಹಜರು ಮಾಡಿಲ್ಲ. ಎಣ ಸಿಕ್ತು ಅಂದ್ರೆ ಮೊದ್ಲು ಏನ್ ಮಾಡ್ಬೇಕು? ಇಬ್ರು ಪಂಚರನ್ನ ಕರೀಬೇಕು. ಎಣ ಯಾವ ದಿಕ್ಕಿಗೆ ತಲೆ ಆಕೈತೆ, ಮರದಿಂದ ಎಷ್ಟು ಅಡಿ, ಎಲ್ಲಾನೂ ಬರೀಬೇಕು. ಪಂಚರ ರುಜು ಆಕಿಸ್ಬೇಕು. ಈವಯ್ಯ ಕನ್ನಡಕ ತೆಗ್ದು ಆಕಾಸ ನೋಡ್ತಾನೆ, ಕೊಲೆಗಾರ ಸಿಕ್ಬುಡ್ತಾನೆ! ಜೇಬಲ್ಲಿ ಒಂದು ಪೆನ್ನಿಲ್ಲ ಸಾ ಆ ಇನ್ಸ್‌ಪೆಕ್ಟ್ರುಗೆ.”

ಹತ್ತೊಂಬತ್ತನೇ ಕಂತಿನ ಮುಂದೆ ಸೊನ್ನೆಯ ಜೊತೆಗೆ ಒಂದು ಷರಾ ಇತ್ತು: ‘ಮೃತರು ಪರಿಚಯಸ್ಥರು. ಆದರೂ ಸೊನ್ನೆ.’

ಉಳಿದ ಒಂದೇ ಒಂದಕ್ಕೆ, ಇಪ್ಪತ್ತಮೂರನೇ ಕಂತಿಗೆ, ನೂರಕ್ಕೆ ನೂರು. ನನಗೆ ಆಶ್ಚರ್ಯವಾಯಿತು. ಜನ ಬೈದುಕೊಂಡ ಕಂತು ಅದು. ಮಳೆಗೆ ರಕ್ತದ ಗುರುತು ಅಳಿಸುತ್ತದೆ, ಸಾಕ್ಷಿ ಊರು ಬಿಡುತ್ತಾನೆ, ಇನ್ಸ್‌ಪೆಕ್ಟರಿಗೆ ಜ್ವರ ಬರುತ್ತದೆ; ಕೊನೆಗೂ ಕೊಲೆಗಾರ ಸಿಗುವುದಿಲ್ಲ.

“ಇದಕ್ಕೆ ಯಾಕೆ ನೂರು? ಇದರಲ್ಲೂ ಮಹಜರು ಇಲ್ಲವಲ್ಲ.”

ಹೆಡ್ ಕಾನ್‌ಸ್ಟೇಬಲ್ಲರು ಅತ್ತಿತ್ತ ನೋಡಿ, ದನಿ ತಗ್ಗಿಸಿದರು. “ಇದೊಂದೇ ಸಾ, ನಡೆದಂಗೆ ತೆಗ್ದಿರೋದು.”

೪. ಏಳು

ಒಬ್ಬನೇ ತೀರ್ಪು ಕೊಟ್ಟರೆ ಪಕ್ಷಪಾತ ಎಂದಾರು. ಅದರಲ್ಲೂ ಹೆಣ ಹೆಂಡತಿಯ ಕಡೆಯವರಾದಾಗ. ಹಾಗಾಗಿ ಹೊರಗಿನವನೊಬ್ಬನ ಅಭಿಪ್ರಾಯವನ್ನೂ ಸೇರಿಸಲು ನಿರ್ಧರಿಸಿದೆ. ಕೊತ್ತತ್ತಿಯ ಗೆಳೆಯನೊಬ್ಬ ಮದ್ದೂರಿನ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ದಿನಾ ಬೆಳಿಗ್ಗೆ ಮಂಡ್ಯದಿಂದ ಇಬ್ಬರೂ ಒಂದೇ ರೈಲಿಗೆ ಬರುತ್ತೇವೆ. ಅವನೂ ಎಲ್ಲ ಕಂತು ನೋಡಿದವನು. ಕಥೆ ನೆನಪು ಮಾಡಿಕೊಟ್ಟರೆ ಎಷ್ಟನೇ ಸ್ಥಾನ ಎಂದು ಹೇಳುತ್ತೇನೆ ಅಂದಿದ್ದ. ಒಂದು ಭಾನುವಾರ ಫೋನ್ ಮಾಡಿದೆ.

“ನಾಲ್ಕನೇ ಕಂತು” ಎಂದೆ.

“ಏಳು” ಎಂದ.

ಏಳು ಎಂದು ಬರೆದುಕೊಂಡೆ. “ಒಂಬತ್ತನೇ ಕಂತು.”

“ಊಂ, ಏಳು.”

ಎರಡು ಕಂತು ಒಂದೇ ಸ್ಥಾನವನ್ನು ಹಂಚಿಕೊಳ್ಳಬಹುದು ಎಂದು ಸಮಾಧಾನ ಮಾಡಿಕೊಂಡೆ. “ಹದಿನಾರನೇದು?”

“ಏಳ್ಲಾ, ಏಳು!”

ಇಷ್ಟು ಖಡಾಖಂಡಿತವಾಗಿ ಅನ್ನುತ್ತಿದ್ದಾನಲ್ಲ ಎಂದು ಅದನ್ನೂ ಬರೆದೆ. ಹನ್ನೊಂದು ಕಂತು ಮುಗಿಯುವ ಹೊತ್ತಿಗೆ ನನ್ನ ಹಾಳೆಯಲ್ಲಿ ಮೇಲಿಂದ ಕೆಳಗೆ ಏಳು, ಏಳು, ಏಳು.

“ಅಲ್ಲಯ್ಯ, ಎಲ್ಲವೂ ಏಳಾದರೆ ಒಂದನೇದು ಯಾವುದು?” ಎಂದೆ.

ಅವನು ಸಿಡಿದ. “ಲೇ, ಕತೆ ಗ್ಯಾಪಕ ಮಾಡ್ತೀನಿ ಅಂದೋನು ನೀನು. ಬರೀ ನಂಬರ್ ಏಳಿ ಸುಮ್ಕಾಯ್ತಿದ್ದೀಯ. ಕತೆ ಏಳು, ಕತೆ ಏಳು ಅಂತ ನಾನೂ ಅರ್ಧ ಗಂಟೆಯಿಂದ ಬಡ್ಕೋತಾವ್ನಿ!”

ನಮ್ಮ ಕಡೆಯ ನಾಲಗೆಯ ಮೇಲೆ ಹಕಾರ ನಿಲ್ಲುವುದಿಲ್ಲ. ಹಳಗನ್ನಡದ ‘ಪೇಳ್’ ಹೊಸಗನ್ನಡದಲ್ಲಿ ‘ಹೇಳು’ ಆಯಿತು ಎಂದು ಓದಿದ್ದೆ. ಕೊತ್ತತ್ತಿಗೆ ಬರುವ ಹೊತ್ತಿಗೆ ಅದು ‘ಏಳು’ ಆಗಿರುತ್ತದೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹಾಳೆ ಹರಿದು ಹಾಕಿದೆ; ತಿದ್ದಬಾರದು ಎಂದು ನಿಯಮವಿತ್ತೇ ಹೊರತು ಹರಿಯಬಾರದು ಎಂದಿರಲಿಲ್ಲ. ಫೋನಿನ ಸಹವಾಸವೇ ಬೇಡ, ನಾಳೆ ಎದುರಾಬದುರು ಕೂತು ಬರೆದುಕೊಳ್ಳೋಣ ಎಂದು ತೀರ್ಮಾನವಾಯಿತು.

ಮರುದಿನ ನಾನು ಮಂಡ್ಯದ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ರೈಲು ಬಂದು ನಿಂತಿತ್ತು. ಅವನು ಆಗಲೇ ಒಳಗೆ ಸೇರಿ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ಕಂಡ ಕೂಡಲೇ ನಾನು ಹೊಸ ಹಾಳೆ ತೆಗೆದು, ಪ್ಲಾಟ್‌ಫಾರಂ ಮೇಲಿಂದಲೇ ಕೇಳಿದೆ: “ನಾಲ್ಕನೇ ಕಂತು, ಅಕ್ಕಿ ಗಿರಣಿ ಕೊಲೆ. ಎಷ್ಟನೇ ಸ್ಥಾನ?”

ಅವನು ಆಚೆ ಬಾಗಿ, ಕೈ ಬೀಸಿ ಕೂಗಿದ: “ಅತ್ತು! ಅತ್ತು!”

ಹತ್ತು ಎಂದು ಬರೆದು, ಅಡಿಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕಿ ತಲೆ ಎತ್ತುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಆದರೆ ಒಮ್ಮೆ ಬರೆದದ್ದನ್ನು ತಿದ್ದಬಾರದು ಎಂಬುದು ನಿಯಮ. ನಾಲ್ಕನೇ ಕಂತು ಈಗಲೂ ಹತ್ತನೇ ಸ್ಥಾನದಲ್ಲೇ ಇದೆ.

೫. ನೀರು

ಹೆಂಡತಿ ನನ್ನ ಜೊತೆ ಕೂತು ನೋಡುತ್ತಿದ್ದಳು ಎನ್ನುವಂತಿಲ್ಲ. ಅವರೆಕಾಯಿ ಸುಲಿಯುತ್ತಾ, ಆಗೊಮ್ಮೆ ಈಗೊಮ್ಮೆ ತಲೆ ಎತ್ತುತ್ತಿದ್ದಳು. ಹೀಗೆ ತಲೆ ಎತ್ತಿದಾಗಲೊಮ್ಮೆ, ಕಂತು ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, “ಇವ್ನೇ ಕೊಂದಿರೋದು” ಎಂದಳು.

ನಾನು ನಕ್ಕೆ. ಇನ್ಸ್‌ಪೆಕ್ಟರಿಗೇ ಇನ್ನೂ ಯಾರ ಮೇಲೂ ಅನುಮಾನವಿರಲಿಲ್ಲ. ಕೊನೆಗೆ ನೋಡಿದರೆ ಅವನೇ. ಮರುದಿನದ ಕಂತಿನಲ್ಲೂ ಹಾಗೇ. ಮೂರನೇ ದಿನ ತಡೆಯಲಾರದೆ ಕೇಳಿದೆ, “ಹೇಗೆ ಗೊತ್ತಾಗುತ್ತೆ?”

“ಅಯ್ಯೋ, ಅದಕ್ಕೇನು? ಇನ್ಸ್‌ಪೆಕ್ಟ್ರು ಒಬ್ಬೊಬ್ಬರ ಮನೆಗೂ ಹೋಗ್ತಾರಲ್ಲ. ಮಿಕ್ಕೋರೆಲ್ಲ ‘ಬನ್ನಿ, ಕೂತ್ಕಳಿ, ನೀರು ಕುಡೀರಿ’ ಅಂತಾರೆ. ಇವ್ನು ಬಾಗಿಲಲ್ಲೇ ನಿಲ್ಲಿಸಿ ‘ಏನು’ ಅಂದ. ಮನೇಗ್ ಬಂದೋರ್ಗೆ ಒಂದು ಲೋಟ ನೀರು ಕೊಡ್ದೋನು ಕೊಲೆ ಮಾಡಕ್ಕೆ ಹಿಂದೆ ಮುಂದೆ ನೋಡ್ತಾನಾ?”

ನನ್ನ ಕಪಾಟಿನ ತುಂಬ ಪತ್ತೇದಾರಿ ಕಾದಂಬರಿಗಳಿವೆ. ಬೆರಳಚ್ಚು, ಬೂದಿ, ಹರಿದ ಕಾಗದ, ಗಡಿಯಾರದ ಮುಳ್ಳು, ಎಲ್ಲವೂ ಅವುಗಳಲ್ಲಿವೆ. ಇದು ಇಲ್ಲ.

ಅವಳು ಸಿಪ್ಪೆಯನ್ನು ಮೊರಕ್ಕೆ ಹಾಕುತ್ತಾ, ಏನೂ ಅಲ್ಲವೆಂಬಂತೆ ಕೇಳಿದಳು, “ಅಪ್ಪಂದು ಎಷ್ಟನೇದು ಮಾಡಿದ್ರಿ?”

ಬಾಯಾರಿದಂತಾಗಿ ಎದ್ದೆ.

“ಹಾಂ, ಇನ್ನೊಂದು ಗುರುತೂ ಐತೆ” ಎಂದಳು ಹಿಂದಿನಿಂದ. “ಕೇಳಿದ್ದಕ್ಕೆ ಉತ್ತರ ಕೊಡ್ದೆ ಅಡುಗೆ ಮನೆ ಕಡೆ ಹೋಗೋನು.”

೬. ಕಾಫಿ

ನಾನು ಪಟ್ಟಿ ಮಾಡುತ್ತಿರುವ ಸುದ್ದಿ ಮದ್ದೂರಿನಲ್ಲಿ ಹಬ್ಬಿತು. ಬಸ್ ನಿಲ್ದಾಣದ ಕಡೆಯ ಒಂದು ಹೋಟೆಲಿನ ಯಜಮಾನರು ವಾಚನಾಲಯಕ್ಕೇ ಬಂದರು. ಅವರು ಪುಸ್ತಕದ ಮನೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಕೈಯಲ್ಲಿ ಎಣ್ಣೆ ಜಿನುಗುವ ಪೊಟ್ಟಣವಿತ್ತು.

“ಏಳನೇ ಎಪಿಸೋಡು ನಮ್ಮ ಓಟ್ಲಲ್ಲೇ ತೆಗ್ದಿದ್ದು ಸಾ. ಬೋರ್ಡು ಎಷ್ಟು ಚೆಂದಾಗಿ ಕಾಣುತ್ತೆ! ಒಂದನೇ ಸ್ಥಾನ ಕೊಟ್ಬುಡಿ” ಎಂದು ಪೊಟ್ಟಣ ಮೇಜಿನ ಮೇಲಿಟ್ಟರು.

“ಕಂತು ಪೂರ್ತಿ ನೋಡಿದ್ದೀರಾ?” ಎಂದೆ.

“ಬೋರ್ಡ್ ಬರೋಗಂಟ ನೋಡಿವ್ನಿ.”

“ಪೂರ್ತಿ ನೋಡಿ ಬನ್ನಿ” ಎಂದು ಪೊಟ್ಟಣವನ್ನು ಹಿಂದಕ್ಕೆ ಕೊಟ್ಟೆ.

ಮರುದಿನ ಬಾಗಿಲು ತೆಗೆಯುವಾಗಲೇ ಮೆಟ್ಟಿಲ ಮೇಲೆ ಕಾದಿದ್ದರು. ಮುಖ ಸಣ್ಣದಾಗಿತ್ತು. ಪೊಟ್ಟಣ ನಿನ್ನೆಗಿಂತ ದೊಡ್ಡದಿತ್ತು.

“ಸಾ, ಇಸ ಆಕಿದ್ದು ನಮ್ ಕಾಫಿಗೇ ಅಂತೆ. ಎಂಗಾರ ಮಾಡಿ ಕಟ್ಟಕಡೇಗೆ ಆಕ್ಬುಡಿ, ಯಾರೂ ನೋಡ್ದಂಗೆ.”

ಎರಡನೇ ಪೊಟ್ಟಣವನ್ನೂ ಹಿಂದಕ್ಕೆ ಕೊಟ್ಟೆ. “ಅದು ಒಳ್ಳೆಯ ಕಂತು. ಐದನೇ ಸ್ಥಾನ” ಎಂದೆ.

“ಅಯ್ಯಯ್ಯೋ” ಎಂದು ತಲೆ ಮೇಲೆ ಕೈ ಹೊತ್ತರು. “ಅಷ್ಟೊಂದು ಚೆಂದಾಗಿ ಸಾಯ್ತಾನಾ ಸಾ ನಮ್ ಕಾಫಿ ಕುಡುದು?”

೭. ಕಟ್ಟಕಡೆ

ಒಂದರಿಂದ ಮೂವತ್ತೊಂದರವರೆಗೆ ಬರೆದು ಮುಗಿಯಿತು. ಉಳಿದದ್ದು ಒಂದೇ ಸ್ಥಾನ, ಉಳಿದದ್ದು ಒಂದೇ ಕಂತು. ಹತ್ತೊಂಬತ್ತು.

ನಾನು ಅದನ್ನು ಎರಡಲ್ಲ, ನಾಲ್ಕು ಸಲ ನೋಡಿದ್ದೆ. ಏನಾದರೂ ಒಂದು ಗುಣ ಸಿಗಲಿ ಎಂದು ಹುಡುಕಿದ್ದೆ. ಸತ್ತವನ ಹೆಸರು ಶುರುವಿನಲ್ಲಿ ಒಂದು, ಕೊನೆಯಲ್ಲಿ ಇನ್ನೊಂದು. ಸಿಕ್ಕಿಬಿದ್ದ ಕೊಲೆಗಾರ ಹದಿನೆಂಟನೇ ಕಂತಿನಲ್ಲಿ ಆಗಲೇ ಜೈಲಿಗೆ ಹೋಗಿದ್ದವನು. ಮಧ್ಯದಲ್ಲಿ ಇನ್ಸ್‌ಪೆಕ್ಟರು ಕಾರಣವಿಲ್ಲದೆ ಒಂದು ಹಾಡು ಕೇಳುತ್ತಾರೆ.

ಹೆಂಡತಿ ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವಂತೆ ಶುರು ಮಾಡಿದಳು. “ಹತ್ತರೊಳಗೆ ಹಾಕಿ.” ನಾನು ತಲೆಯಾಡಿಸಿದೆ. “ಇಪ್ಪತ್ತು?” ಇಲ್ಲ. “ಹೋಗ್ಲಿ, ಮೂವತ್ತೊಂದು. ಒಂದೇ ಒಂದು ಮೆಟ್ಟಿಲು ರೀ. ಕಡೇದಲ್ಲ ಅಂತ ಆದ್ರೆ ಸಾಕು.”

“ಮೂವತ್ತೊಂದರಲ್ಲಿರೋದಕ್ಕೆ ಅನ್ಯಾಯ ಆಗುತ್ತೆ” ಎಂದೆ.

“ಅದರಲ್ಲಿ ನಿಮ್ಮ ಮಾವ ಇದ್ದಾರಾ?”

“ಇಲ್ಲ.”

“ಮತ್ತೆ?” ಎಂದು ಒಳಗೆ ಹೋದಳು. ಆವತ್ತು ಸಾರಿಗೆ ಉಪ್ಪು ಬೀಳಲಿಲ್ಲ. ನಾನೂ ಕೇಳಲಿಲ್ಲ.

ಆದರೂ ಪಟ್ಟಿ ಬದಲಾಗಲಿಲ್ಲ. ಒಂದು ಸ್ಥಾನವನ್ನು ಮಾವನವರಿಗಾಗಿ ತಿದ್ದಿದರೆ ಉಳಿದ ಮೂವತ್ತೊಂದನ್ನೂ ಯಾರು ನಂಬುತ್ತಾರೆ? ಸೋಮವಾರ ಬೆಳಿಗ್ಗೆ ದುಂಡಗಿನ ಅಕ್ಷರದಲ್ಲಿ ಬರೆದು, ನಾಲ್ಕು ಮೂಲೆಗೆ ಪಿನ್ನು ಚುಚ್ಚಿ, ಸೂಚನಾ ಫಲಕಕ್ಕೆ ಹಾಕಿದೆ. ಹನ್ನೊಂದು ಗಂಟೆಗೆ ಮಳವಳ್ಳಿಯ ಬಸ್ಸಿಳಿದು ಮಾವನವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ಯಾರು ಹೇಳಿದರೋ ಗೊತ್ತಿಲ್ಲ. ಹೆಂಡತಿ ಹೇಳಿರಲಾರಳು, ಅವಳು ಮೂರು ದಿನದಿಂದ ಯಾರಿಗೂ ಏನೂ ಹೇಳುತ್ತಿರಲಿಲ್ಲ.

“ಎಲ್ಲೈತೆ?” ಎಂದರು. ನಾನು ಫಲಕ ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಮೇಲಿಂದ ಓದತೊಡಗಿದರು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ. ಹೆಡ್ ಕಾನ್‌ಸ್ಟೇಬಲ್ಲರು ಕುರ್ಚಿಯಿಂದೆದ್ದು ಬಂದೋಬಸ್ತಿಗೆ ನಿಂತವರಂತೆ ಪಕ್ಕದಲ್ಲಿ ನಿಂತರು. ಚಿಕ್ಕರಸಿನಕೆರೆಯವರು ಪತ್ರಿಕೆ ಮಡಚಿಟ್ಟರು. ಬೆರಳು ಹತ್ತು ದಾಟಿತು. ಇಪ್ಪತ್ತು ದಾಟಿತು. ಇಪ್ಪತ್ತೈದರ ಹತ್ತಿರ ಸ್ವಲ್ಪ ನಿಧಾನವಾಯಿತು. ಆ ಕೋಣೆಯಲ್ಲಿ ಅಷ್ಟು ಮೌನವನ್ನು ನಾನು ನನ್ನ ನೌಕರಿಯಲ್ಲೇ ಕಂಡಿರಲಿಲ್ಲ.

ಎದ್ದು ಹೋಗಿ ಏನಾದರೂ ಸಮಜಾಯಿಷಿ ಹೇಳಲೇ ಎನಿಸಿತು. ಆದರೆ ಬರೆದವನು ಬರೆದದ್ದರ ಎದುರು ನಿಂತಿರಬೇಕು, ನಿಂತೆ.

ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಮಾವನವರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು, ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದು ನೀವೇ ಬರ್ದಿದ್ದಾ?”

“ಹೌದು ಮಾವ.”

“ಯಾರೂ ಏಳ್ಕೊಟ್ಟಿಲ್ಲ?”

“ಇಲ್ಲ.”

“ಬದ್ಲಾಯ್ಸಾಕಿಲ್ಲ?”

“ಇಲ್ಲ ಮಾವ.”

ಚಿಕ್ಕರಸಿನಕೆರೆಯವರು ಮೆಲ್ಲಗೆ ಚೀಲ ಎತ್ತಿಕೊಂಡು ಬಾಗಿಲ ಕಡೆ ಸರಿದರು. ಮಾವನವರು ನನ್ನ ಮೇಜಿನ ಬಳಿಗೆ ಬಂದರು. ಕೈ ಎತ್ತಿದರು. ಎತ್ತಿದ ಕೈ ನನ್ನ ಭುಜದ ಮೇಲೆ ಬಂದು ಕೂತಿತು.

“ಸರ್ಯಾಗೈತೆ ಅಳಿಯಂದ್ರೇ. ನಂಗೂ ಮೊದ್ಲಿಂದ ಅದೇ ಅನ್ಸಿತ್ತು, ಯಾರ್ಗೂ ಏಳಿರ್ಲಿಲ್ಲ. ಮೂರನೇ ನಿಮಿಸಕ್ಕೇ ನನ್ನ ಎತ್ತಾಕ್ಕಂಡು ಓಗ್ಬುಟ್ರು. ಆಮೇಲೆ ಅದ್ರಲ್ಲಿ ನೋಡಾಕೆ ಇನ್ನೇನೈತೆ?”